ರಾಕ್ಷಸಿ ಉಟ್ಟ ಇಳಕಲ್ ಸೀರೆ

ಇವತ್ತು ಹೊಸ ಶಾಯಿ ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆ ನನ್ನನ್ನು ನೇರ ಕೆರೂರಿನ ನಮ್ಮ ಪಡಸಾಲೆಗೆ ಒಯ್ದಿತು. ಅಲ್ಲಿ ನೆಲದ ಮೇಲೆ ಕೂತು ಕಾಕಾ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ರಾಜಕುಮಾರಿ, ರಾಕ್ಷಸಿಯರ ಕಾಮಿಕ್ಸ್ ಬಿಡಿಸುತ್ತಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ ಅವರ ನಾಲಿಗೆ ಸದಾ ಕಪ್ಪು.

ಒಮ್ಮೆ ಅಚ್ಚಾಗಿ ಬಂದ ಸಂಚಿಕೆಯನ್ನು ಅಜ್ಜಿಗೆ ತೋರಿಸಿದೆ. ಇಡೀ ಮನೆ ಹೆದರುತ್ತಿದ್ದ ಅಜ್ಜಿ ಕನ್ನಡಕ ಏರಿಸಿ ರಾಕ್ಷಸಿಯನ್ನು ದಿಟ್ಟಿಸಿದಳು. ಉದ್ದ ಮೂಗು, ಗದ್ದದ ಮೇಲಿನ ಹಚ್ಚೆ, ಇಡೀ ಮುಖ ಅಜ್ಜಿಯದೇ! ಮೈಮೇಲೆ ಮಾತ್ರ ಹರಿದ ಬಟ್ಟೆ.

"ಇದು ನನ್ನ ಮಾರಿ ಅಲ್ಲೇನೋ?"

ಕಾಕಾ ಬೆವತುಹೋದರು. "ತಪ್ಪಾತಬೇ. ಬ್ಯಾರೆ ಮಾರಿ ಕೈಗೆ ಬರಲಿಲ್ಲ ನೋಡು."

"ಮಾರಿ ಇರ್ಲಿ. ಈ ಹರಕ ಅರಬಿ ಯಾಕ ಸುತ್ತೀದಿ? ನಾ ಯಾವಾಗರ ಹಿಂಗ ಹೊರಗ ಹೋಗೇನೇನು?"

ಮುಂದಿನ ತಿಂಗಳು ರಾಕ್ಷಸಿ ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟುಕೊಂಡು ಆಕಾಶಕ್ಕೆ ಹಾರಿದಳು. ಅಜ್ಜಿ ಆ ಸಂಚಿಕೆಯನ್ನು ಓಣಿಗೆಲ್ಲ ತೋರಿಸಿ ಬಂದಳು.

ಈಗ ಬಾಗಲಕೋಟೆಯಲ್ಲಿ ನಾನೂ ಅಂಥದೇ ಕಾಮಿಕ್ಸ್ ಬಿಡಿಸುತ್ತೇನೆ. ಮಗಳು ಹೆಗಲ ಮೇಲಿಂದ ಬಗ್ಗಿ, "ಅವ್ವಾ, ಇದರಾಗ ನಾ ಎಲ್ಲಿ ಅದೀನಿ?" ಎಂದಳು. ಕಿರೀಟ ತೊಟ್ಟ ಕಪ್ಪೆಯನ್ನು ತೋರಿಸಿದೆ. ಸಿಟ್ಟಿನಿಂದ ಗಲ್ಲ ಊದಿಸಿಕೊಂಡಳು. ಈಗಂತೂ ಥೇಟ್ ಅದೇ.