ಹೆಸರು ಎರಡು ಸಲ, ಜಾಗ ಒಂದು ಸಲ

ಅವರ ಎಡಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ ಇರುತ್ತಿತ್ತು. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹತ್ತಿಗೇನು ಬರ? ಗೇಟಿನೊಳಗೆ ಕಾಲಿಡುತ್ತಲೇ ತಂತಿಬೇಲಿಗೆ ಅಂಟಿಕೊಂಡ ಎಳೆಯೊಂದನ್ನು ಕಿತ್ತು, ಬೆರಳಲ್ಲಿ ಹೊಸೆದು, ಕಿವಿಗೆ ತುರುಕಿಕೊಂಡೇ ಮುಂದೆ ಬರುತ್ತಿದ್ದರು. ಬಲಗಿವಿ ಮಾತ್ರ ಖಾಲಿ. "ಎಡಗಿವಿ ಗಂಟಿಗಿ ಕೊಟ್ಟೀನ್ರಿ, ಬಲಗಿವಿ ಮಂದಿಗಿ ಇಟ್ಕೊಂಡೀನಿ" ಎನ್ನುತ್ತಿದ್ದರು. ಫೋನಿನ ದೊಡ್ಡ ಗಂಟೆಗಳನ್ನು ಗೋಡೆಗೆ ಕೂರಿಸಿ, ಪಕ್ಕದಲ್ಲೇ ನಿಂತು ಬಾರಿಸಿ ನೋಡಿ ನೋಡಿ ಆ ಕಿವಿ ಅರ್ಧ ಹೋಗಿತ್ತು. ಹಾಗಾಗಿ ಯಾರೊಂದಿಗೆ ಮಾತಾಡುವಾಗಲೂ ಮುಖವನ್ನು ಎಡಕ್ಕೆ ಹೊರಳಿಸಿ ಬಲಗಿವಿ ಒಡ್ಡುತ್ತಿದ್ದರು. ಗೊತ್ತಿಲ್ಲದವರಿಗೆ ಅದು ಸೊಕ್ಕಿನ ಹಾಗೆ ಕಾಣುತ್ತಿತ್ತು.

ಎಲ್ಲರಿಗೂ ಅವರು ಮಿಸ್ತ್ರಿ. ಗಬ್ಬೂರಿನ ಕೂಲಿ ಮನೆತನದವರು. ಹರೆಯದಲ್ಲಿ ಟೆಲಿಫೋನ್ ಕಂಬ ನೆಡುವ ಗುಂಪಿನಲ್ಲಿ ಕುಣಿ ತೋಡಲು ಸೇರಿ, ಮೊದಲು ಕಂಬ ಹತ್ತುವುದನ್ನು, ಆಮೇಲೆ ತಂತಿ ಜೋಡಿಸುವುದನ್ನು ಕಣ್ಣಲ್ಲೇ ಕಲಿತವರು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ರಾಯಚೂರು, ಮಾನ್ವಿ, ದೇವದುರ್ಗದ ಮಿಲ್ಲುಗಳಲ್ಲಿ ಆಫೀಸಿನ ಫೋನಿಗೆ ಒಳಲೈನು ಎಳೆಯಬೇಕೆಂದರೆ, ಯಂತ್ರದ ಗದ್ದಲದಲ್ಲೂ ಕೇಳುವಂಥ ಗಂಟೆ ಹಚ್ಚಬೇಕೆಂದರೆ, ಮಾಡಿನ ಕೆಳಗೆ ಭೋಂಗಾ ಕಟ್ಟಬೇಕೆಂದರೆ ಅವರನ್ನೇ ಹುಡುಕುತ್ತಿದ್ದರು. ಭೋಂಗಾ ಎಂದರೆ ತಗಡಿನ ಸ್ಪೀಕರ್. ಮದುವೆಯ ಮನೆಯಲ್ಲಿ ಹಾಡುವುದು ಅದೇ, ಮಿಲ್ಲಿನಲ್ಲಿ ಆಳುಗಳನ್ನು ಕರೆಯುವುದೂ ಅದೇ.

ಕರೆಯುವವಳು ನಾನು. ಪಿ.ಯು.ಸಿ. ಮುಗಿಸಿದ್ದೆ. ಅಪ್ಪ ಮಿಲ್ಲಿನ ಸಾವ್ಕಾರರ ಬಾಗಿಲಿಗೆ ಹತ್ತು ಸಲ ತಿರುಗಿ ಕೊಡಿಸಿದ ಕೆಲಸ. ಮ್ಯಾನೇಜರ್ ಮೇಜಿನಿಂದ ಮಾರು ದೂರದಲ್ಲಿ ನನ್ನ ಸ್ವಿಚ್‌ಬೋರ್ಡು. ಹೊರಗಿನಿಂದ ಫೋನ್ ಬಂದರೆ ಬೇಕಾದವರಿಗೆ ಲೈನು ಕೊಡಬೇಕು. ಅವರು ತಮ್ಮ ಜಾಗದಲ್ಲಿಲ್ಲದಿದ್ದರೆ ಮೈಕಿನ ಗುಂಡಿ ಒತ್ತಿ ಹೆಸರು ಹಿಡಿದು ಕೂಗಬೇಕು. ಮೊದಲ ದಿನ ನಾನು ಸಂತೆಯಲ್ಲಿ ಮಗು ಕಳೆದುಕೊಂಡವಳ ಹಾಗೆ ಅರಚಿದ್ದೆ. ಮಿಸ್ತ್ರಿ ಏಣಿಯಿಂದಿಳಿದು ಬಂದು ಹೊಸ್ತಿಲಾಚೆ ನಿಂತರು.

"ಒದರಬ್ಯಾಡ್ರಿ ಅಕ್ಕಾರ. ಒದರೋದು ಭೋಂಗಾದ ಕೆಲಸ. ನೀವು ಮನ್ಯಾಗ ಮಾತಾಡ್ದಂಗ ಮಾತಾಡ್ರಿ. ಹೆಸರು ಎರಡು ಸಲ, ಜಾಗ ಒಂದು ಸಲ. ಅಷ್ಟಾದ್ರ ಮನಷ್ಯಾ ಬರ್ತಾನ."

ಹೆಸರು ಎರಡು ಸಲ ಯಾಕೆ ಎಂದು ಕೇಳಿದೆ. "ಮೊದಲ್ನೇ ಸಲ ಯಾರನ್ನೋ ಅಂತಾರ. ಎರಡ್ನೇ ಸಲ, ಅಯ್ಯ, ನನ್ನೇ ಅಂತಾರ. ಬಡವ್ರಿಗಿ ತಮ್ಮ ಹೆಸರು ಕೇಳಿ ರೂಢಿ ಇರಂಗಿಲ್ರಿ" ಎಂದು ನಕ್ಕರು. ನಾನೂ ನಕ್ಕೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಅವರ ಕೆಲಸದ ರೀತಿಯೇ ಬೇರೆ. ಬೇರೆ ಮಿಸ್ತ್ರಿಗಳು ಯಂತ್ರ ನಿಲ್ಲಿಸಿ ಎಂದು ಗಂಟುಬೀಳುತ್ತಿದ್ದರು. ಇವರು ಎಲ್ಲಾ ಯಂತ್ರ ಚಾಲೂ ಮಾಡಿಸುತ್ತಿದ್ದರು. ಆ ಗದ್ದಲದಲ್ಲಿ ಶೆಡ್ಡಿನ ಮೂಲೆಮೂಲೆಗೂ ಹೋಗಿ, ಆಳು ಎಲ್ಲಿ ನಿಲ್ಲುತ್ತಾನೋ ಅಲ್ಲೇ ನಿಂತು, ಆಳು ಕೂರುವಲ್ಲಿ ಕೂತು, ಕೇಳದ ಜಾಗಕ್ಕೆಲ್ಲ ಇದ್ದಿಲಿನಲ್ಲಿ ಗುರುತು ಹಾಕುತ್ತಿದ್ದರು. ದೊಡ್ಡದೊಂದು ಭೋಂಗಾ ಸಾಕಲ್ಲವೇ ಎಂದು ಸಾವ್ಕಾರರು ಕೇಳಿದ್ದಕ್ಕೆ, "ಒಂದು ದೊಡ್ಡದು ಹಚ್ಚಿದ್ರ ಹತ್ರ ಇದ್ದವ್ರ ಕಿವಿ ಹರೀತದ್ರಿ, ದೂರ ಇದ್ದವ್ರಿಗಿ ಮುಟ್ಟಂಗಿಲ್ಲ. ಸಣ್ಣವು ನಾಕು ಹಚ್ಚೋಣ್ರಿ" ಎಂದಿದ್ದರು. ಎಲ್ಲ ಮುಗಿದ ಮೇಲೆ ಪರೀಕ್ಷೆ. ಮ್ಯಾನೇಜರ್ ತಮ್ಮ ಹೆಸರನ್ನೇ ಕೂಗಿಸಲು ಮುಂದಾದರು. ಮಿಸ್ತ್ರಿ ಬೇಡವೆಂದರು.

"ನಿಮ್ಮ ಹೆಸರು ಕರದ್ರ ಕೇಳಲಾರದವ್ರೂ ಕೇಳಿಸ್ತು ಅಂತಾರ್ರಿ ಸಾಹೇಬ್ರ. ಹತ್ತಿಕಾಳಿನ ಗೋದಾಮ್ನ್ಯಾಗ ಕಸ ಬಳಿಯೋ ಮುದುಕಿ ಅದಾಳಲ್ಲ, ಆಕಿ ಹೆಸರು ಕರೀರಿ. ಆಕಿ ತಲಿ ಎತ್ತಿದ್ಲಂದ್ರ ಭೋಂಗಾ ಬರೋಬರಿ ಅದ."

ಆಕೆಯ ಹೆಸರು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಜರಿ ಪುಸ್ತಕ ತೆಗೆಸಿ ನೋಡಬೇಕಾಯಿತು. ನಾನು ಎರಡು ಸಲ ಕರೆದೆ. ನನ್ನ ಕಿಟಕಿಯಿಂದ ನೇರಕ್ಕೆ, ಇನ್ನೂರು ಹೆಜ್ಜೆ ದೂರದಲ್ಲಿ ಕಾಣುವ ಗೋದಾಮಿನ ಬಾಗಿಲಲ್ಲಿ ಮುದುಕಿ ಕಸಬರಿಗೆ ನಿಲ್ಲಿಸಿ, ಆಕಾಶದಿಂದ ಯಾರೋ ಕರೆದರೆಂಬಂತೆ ತಲೆ ಎತ್ತಿದಳು. ಎಲ್ಲಾ ಮಿಲ್ಲುಗಳಲ್ಲೂ ಅವರ ಕೊನೆಯ ಪರೀಕ್ಷೆ ಇದೇ ಆಗಿತ್ತಂತೆ. ಮಾನ್ವಿಯ ರೈಸ್ ಮಿಲ್ಲೊಂದರ ಸಾವ್ಕಾರರು ಭೋಂಗಾದ ಬಾಯಿ ರಸ್ತೆಯ ಕಡೆಗಿರಲಿ, ಹೋಗಿಬರುವವರಿಗೂ ತಮ್ಮ ಹೆಸರು ಕೇಳಲಿ ಎಂದು ಹಟ ಹಿಡಿದಿದ್ದರಂತೆ. "ನಿಮ್ಮ ಹೆಸರು ಊರಿಗೇ ಗೊತ್ತದ್ರಿ ಯಪ್ಪಾ, ಬಾಯ್ಲರ್ ಮುಂದಿನವಗ ತನ್ನ ಹೆಸರು ಗೊತ್ತಾಗ್ಲಿ" ಎಂದು ಉಬ್ಬಿಸಿ, ಬಾಯಿಯನ್ನು ಒಳಗೆ ತಿರುಗಿಸಿ ಬಂದಿದ್ದರು. ಅದನ್ನು ಹೇಳುವಾಗ ಅವರ ಬಲಗಿವಿಯೂ ನಗುತ್ತಿತ್ತು.

ನಗಲಾಗದ ಸಂಗತಿಗಳೂ ಇದ್ದವು. ಅವರ ಚೀಲದಲ್ಲಿ ಇಕ್ಕಳ, ತಿರುಪುಳಿಗಳ ಜೊತೆ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ಚಹಾ ಬಂದಾಗ ಅದನ್ನು ತೆಗೆದು ವರಾಂಡದ ತುದಿಯಲ್ಲಿಟ್ಟು ದೂರ ಸರಿಯುತ್ತಿದ್ದರು. ಜವಾನ ಮೇಲಿನಿಂದ ಹೊಯ್ಯುತ್ತಿದ್ದ. ಸಾವ್ಕಾರರ ಖೋಲಿಗೆ ಗಂಟೆಯ ತಂತಿ ಹೋಗಬೇಕಾದರೆ ದೇವರ ಪಟದ ಮೇಲೆ ಹಾಯಬೇಕಿತ್ತು. ಇವರು ಮುಟ್ಟಿದ ತಂತಿ ಬೇಡವೆಂದಾಯಿತು. ಇಡೀ ಕಟ್ಟಡದ ಹೊರಗಿನಿಂದ ಸುತ್ತಿಸಿ ಎಳೆದರು. ನನಗೆ ಕಸಿವಿಸಿಯಾಗಿ ಏನೋ ಅಂದೆ. "ತಂತಿಗೇನ್ರಿ ಅಕ್ಕಾರ, ಸುತ್ಹಾಕ್ಕೊಂಡು ಹೋಗ್ತದ. ದನಿಗಿ ಮೈಲಿಗಿ ಇಲ್ಲ" ಎಂದರು. ನಾವೂ ಲಿಂಗದ ಮನೆಯವರೇ. ನಮ್ಮ ಮನೆಯಲ್ಲಿಯೂ ಅವರಂಥವರ ಲೋಟ ಹೊರಗೇ ಇರುತ್ತಿತ್ತು ಎಂಬುದನ್ನು ಮುಚ್ಚಿಟ್ಟು ಇದನ್ನು ಬರೆದರೆ ಅದೂ ಒಂದು ಸುಳ್ಳಾಗುತ್ತದೆ.

ದನಿಗೂ ಮೈಲಿಗೆ ಇತ್ತು. ಭೋಂಗಾ ಕಟ್ಟಿದ ತಿಂಗಳೊಳಗೆ ನನ್ನ ಮೈಕಿನ ಮೇಲಿನ ಗೋಡೆಗೆ ಒಂದು ಬೋರ್ಡು ಬಂತು: ಕೂಲಿಯವರ ಖಾಸಗಿ ಫೋನಿಗೆ ಹೆಸರು ಕೂಗತಕ್ಕದ್ದಲ್ಲ. ಕೂಗಿದರೆ ಕೈ ನಿಲ್ಲುತ್ತವೆ, ಯಂತ್ರ ನಿಲ್ಲುತ್ತದೆ ಎಂಬುದು ವಾದ. ಸುದ್ದಿ ಏನೇ ಬಂದರೂ ನಾನು ಚೀಟಿಯಲ್ಲಿ ವೇಳೆ ಹಾಕಿ ಬರೆದಿಟ್ಟು, ಒಂದು ಗಂಟೆಗೆ ಊಟದ ಸೀಟಿ ಊದಿದ ಮೇಲೆ ಕೊಡಬೇಕು. ಮಿಸ್ತ್ರಿ ಆ ಬೋರ್ಡನ್ನು ಓದಿದ್ದರು.

ಅದು ಆದದ್ದು ಸುಗ್ಗಿಯ ಮುಂದೆ. ಹತ್ತಿಕಾಳಿನ ಗೋದಾಮಿಗೆ ಇನ್ನೊಂದು ಗಂಟೆ ಬೇಕೆಂದು ಅವರನ್ನು ಕರೆಸಿದ್ದರು. ಬೆಳಿಗ್ಗೆ ಹತ್ತೂಕಾಲಿಗೆ ದೇವದುರ್ಗದಿಂದ ಟ್ರಂಕ್ ಕಾಲ್. ಆ ಕಡೆ ಮಿಸ್ತ್ರಿಯ ಹೆಂಡತಿಯ ತಮ್ಮ, ಅಂಚೆ ಕಚೇರಿಯಿಂದ ಮಾತಾಡುತ್ತಿದ್ದ.

"ನಮ್ಮಕ್ಕಗ ಭಾಳ ಆರಾಮಿಲ್ರಿ. ದವಾಖಾನ್ಯಾಗ ಹಾಕೀವಿ. ಮಾವಗ ಜಲ್ದಿ ಕಳಸ್ರಿ ಯವ್ವಾ, ಹನ್ನೊಂದರ ಬಸ್ಸಿಗೇ ಕಳಸ್ರಿ. ಖಬರದಾಗ ಅದಾಳ, ಅವನ್ನೇ ಕೇಳಾಕತ್ತಾಳ."

ಹೇಳುತ್ತೇನೆ ಎಂದೆ. ಕೈ ಆಗಲೇ ಮೈಕಿನ ಗುಂಡಿಯ ಮೇಲಿತ್ತು. ಮ್ಯಾನೇಜರ್ ಕಾಗದದಿಂದ ತಲೆ ಎತ್ತಿದರು. ಸಾವ್ಕಾರರ ಖೋಲಿಯಲ್ಲಿ ಮುಂಬಯಿಯ ಖರೀದಿದಾರರು ಕೂತಿದ್ದರು.

"ಯಾರಿಗ್ರಿ?"

"ಮಿಸ್ತ್ರಿಗ್ರಿ. ಹೆಂಡ್ತಿಗಿ ಆರಾಮಿಲ್ಲಂತ, ದವಾಖಾನ್ಯಾಗ ಅದಾರಂತ."

"ಬೋರ್ಡ್ ಓದೀರಿಲ್ಲ?"

"ಅವ್ರು ಕೂಲಿಯವ್ರಲ್ರಿ, ಮಿಸ್ತ್ರಿ."

"ದಿನಗೂಲಿ ಅಲ್ಲೇನು? ಮತ್ತ? ಒಳಗ ಮಂದಿ ಕುಂತಾರ, ಯಾರ ಹೆಂಡ್ತಿ ಯಾವ ದವಾಖಾನ್ಯಾಗ ಅದಾಳ ಅಂತ ಕೇಳಿಸ್ಬೇಕೇನು ಅವ್ರಿಗಿ? ಚೀಟಿ ಬರೀರಿ."

ಬರೆದೆ. ಜವಾನ ಬುತ್ತಿ ತರಲು ಊರೊಳಗೆ ಹೋಗಿದ್ದ. ಎದ್ದು ನಾನೇ ಹೋಗಬಹುದಿತ್ತು. ಆಫೀಸಿನ ಹೆಣ್ಣುಮಗಳು ಆಳುಗಳ ನಡುವೆ ಶೆಡ್ಡಿನ ಕಡೆ ಹೋಗುವ ಪದ್ಧತಿ ಇರಲಿಲ್ಲ. ಪದ್ಧತಿ ಇರಲಿಲ್ಲ ಎಂಬ ಮಾತು ಎಷ್ಟು ಅನುಕೂಲದ ಮಾತು ನೋಡಿ, ಅದರ ಮೇಲೆ ಮೂರು ತಾಸು ಆರಾಮಾಗಿ ಕೂರಬಹುದು. ಕೂತೆ. ಕಿಟಕಿಯಲ್ಲಿ ಅವರು ಕಾಣುತ್ತಲೇ ಇದ್ದರು. ಏಣಿಯ ಮೇಲೆ ನಿಂತು, ಗೋಡೆಗೆ ಗೂಟ ಹೊಡೆದು, ಇಳಿದು, ದೂರ ನಿಂತು ನೋಡಿ, ಮತ್ತೆ ಹತ್ತುತ್ತಿದ್ದರು. ಹನ್ನೊಂದು ಹೊಡೆಯಿತು. ಬಸ್ಸು ಹೋಗಿರಬೇಕು ಅಂದುಕೊಂಡೆ. ಇನ್ನು ಹೇಳಿದರೂ ಅಷ್ಟೇ ಎಂದು ಒಂಥರಾ ಸಮಾಧಾನವೂ ಆಯಿತು. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಸೀಟಿ ಊದಿದ ಮೇಲೆ ಅವರು ಲೋಟ ಹಿಡಿದು ವರಾಂಡಕ್ಕೆ ಬಂದರು. ಚೀಟಿ ಕೊಟ್ಟೆ. ನಿಂತಲ್ಲೇ ಓದಿದರು. ಆಮೇಲೆ ನನ್ನ ತಲೆಯ ಮೇಲಿನ ಗಡಿಯಾರ ನೋಡಿದರು.

"ಇದು ಹತ್ತೂಕಾಲರದೇನ್ರಿ?"

"ಹೂಂರಿ."

ಮತ್ತೆ ಚೀಟಿ ನೋಡಿದರು. ಲೋಟವನ್ನು ಅಲ್ಲೇ ಇಟ್ಟರು. ಚೀಲವನ್ನೂ ತೆಗೆದುಕೊಳ್ಳದೆ ಗೇಟಿನ ಕಡೆ ಓಡಿದರು. ಆ ವಯಸ್ಸಿನವರು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಹಿಂಡಿ ಹೇರಿಕೊಂಡು ಹೊರಟ ಲಾರಿಯೊಂದು ಗಬ್ಬೂರಿನವರೆಗೆ ಹತ್ತಿಸಿಕೊಂಡಿತಂತೆ. ಅಲ್ಲಿಂದ ಸೈಕಲ್ಲು. ಹೆಂಡತಿ ಎರಡು ಗಂಟೆಯವರೆಗೆ ಖಬರದಲ್ಲೇ, ಪೂರ್ತಿ ಎಚ್ಚರದಲ್ಲೇ ಇದ್ದು, ಬಾಗಿಲ ಕಡೆ ನೋಡುತ್ತಲೇ ಹೋಗಿದ್ದರು. ಹನ್ನೊಂದರ ಬಸ್ಸು ಒಂದಕ್ಕೆಲ್ಲ ದೇವದುರ್ಗ ಮುಟ್ಟುತ್ತಿತ್ತು.

ಇಪ್ಪತ್ತು ದಿನ ಅವರ ಚೀಲವನ್ನು ನನ್ನ ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ. ಲೋಟ ತೊಳೆದು ಅದರೊಳಗೆ ಹಾಕಿದ್ದೆ. ಬಂದರು. ತಲೆ ಬೋಳಿಸಿದ್ದರು. ಎಡಗಿವಿಯಲ್ಲಿ ಹತ್ತಿ ಇತ್ತು. ನಾನು ಎದ್ದು ನಿಂತು ಏನೋ ಹೇಳಲು ಹೋದೆ.

"ನೀವೇನ್ ಮಾಡ್ತೀರ್ರಿ ಮೇಡಂ. ಬೋರ್ಡ್ ಅದ."

ಅಲ್ಲಿಯವರೆಗೆ ನಾನು ಅಕ್ಕಾರ. ಅವತ್ತಿನಿಂದ ಮೇಡಂ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಅವರು ಚೀಲ ಹೆಗಲಿಗೇರಿಸಿ ಗೋದಾಮಿಗೆ ಹೋಗಿ ಉಳಿದ ಕೆಲಸ ಮುಗಿಸಿದರು. ಗಂಟೆ ಬಾರಿಸಿ ನೋಡಿದರು. ಆಮೇಲೆ ಹೊಸ್ತಿಲಾಚೆ ಬಂದು ನಿಂತು, ಭೋಂಗಾವನ್ನೂ ಒಮ್ಮೆ ನೋಡಬೇಕು ಎಂದರು. ಮುದುಕಿಯ ಹೆಸರು ಕರೆಯಲೇ ಎಂದು ಕೇಳಿದೆ.

"ಬ್ಯಾಡ್ರಿ. ನನ್ನ ಹೆಸರು ಕರೀರಿ, ಮೇಡಂ."

ಗೋದಾಮಿಗೆ ಹೋಗಿ ಏಣಿ ಇದ್ದ ಜಾಗದಲ್ಲೇ ನಿಂತರು. ಮ್ಯಾನೇಜರ್ ಏನೋ ಹುಡುಕುವವರಂತೆ ಮೇಜಿನ ಖಾನೆಗೆ ಬಗ್ಗಿದರು. ನಾನು ಗುಂಡಿ ಒತ್ತಿ ಹೆಸರು ಎರಡು ಸಲ, ಜಾಗ ಒಂದು ಸಲ ಹೇಳಿದೆ. ಇನ್ನೂರು ಹೆಜ್ಜೆಯಾಚೆ ಅವರು ಬಲಗಿವಿ ಮೇಲೆ ಮಾಡಿ ನಿಂತಿದ್ದರು. ಮೆಲ್ಲಗೆ ನಡೆದು ಬಂದರು.

"ಕೇಳಸ್ತದ್ರಿ" ಎಂದರು. "ಚೊಲೋ ಕೇಳಸ್ತದ."

ಆಮೇಲೂ ವರ್ಷಕ್ಕೆ ಎರಡು ಸಲ ರಿಪೇರಿಗೆ ಬರುತ್ತಿದ್ದರು. ಲೋಟ ಚೀಲದಿಂದ ಹೊರಬರುವುದು ನಿಂತಿತು. ನಮ್ಮ ಮಿಲ್ಲಿನ ಚಹಾ ಅವರು ಮತ್ತೆ ಕುಡಿಯಲಿಲ್ಲ. ನಾನು ಬೋರ್ಡು ಮೀರಿ ಕೂಲಿಯವರ ಹೆಸರು ಕೂಗತೊಡಗಿದೆ. ಎರಡು ಸಲ ನೋಟೀಸು ಕೊಟ್ಟರು, ಮೂರನೆಯದು ಕೊಡಲಿಲ್ಲ. ಹೆಸರು ಕರೆದರೆ ಯಂತ್ರವೇನೂ ನಿಲ್ಲುವುದಿಲ್ಲ ಎಂದು ಅವರಿಗೂ ತಿಳಿಯಿತು. ಇದನ್ನು ನನ್ನ ಧೈರ್ಯವೆಂದು ಕೆಲವರು ಹೊಗಳಿದ್ದುಂಟು. ಊರು ಸುಟ್ಟ ಮೇಲೆ ಬಾವಿ ತೋಡಿದವಳ ಧೈರ್ಯ ಅದು.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಮಾನ್ವಿಯ ಮಿಲ್ಲೊಂದರ ಗುಮಾಸ್ತನ ಫೋನ್ ಬಂತು. "ಮಿಸ್ತ್ರಿ ನಿಮ್ಮಲ್ಲಿ ಶುಕ್ರವಾರ ಗಂಟಿ ರಿಪೇರಿಗಿ ಬರ್ತೀನಿ ಅಂದಿದ್ರಂತ್ರಿ. ಅವ್ರು ಬರಂಗಿಲ್ಲ. ನಿನ್ನೆ ಸಂಜಿಮುಂದ ಇಲ್ಲೇ ಎದಿ ಹಿಡ್ಕೊಂಡು ಕುಂತ್ರು, ಹೋಗೇ ಬಿಟ್ರು."

ಮ್ಯಾನೇಜರಿಗೆ ಹೇಳಿದೆ. ಅಯ್ಯೋ ಪಾಪ ಎಂದರು. ಗಂಟೆ ರಿಪೇರಿಗೆ ಬೇರೆ ಯಾರಿದ್ದಾರೆ ವಿಚಾರಿಸಿ ಎಂದೂ ಅಂದರು. ನಾನು ಮೈಕ್ ಎಳೆದುಕೊಂಡೆ. "ಏನ್ ಮಾಡಾಕತ್ತೀರಿ? ಅವ ನಮ್ಮ ಮಿಲ್ಲಿನವನಲ್ಲ" ಎನ್ನುತ್ತಿದ್ದರು. ಗುಂಡಿ ಒತ್ತಿದೆ. ಅವರ ಹೆಸರನ್ನು ಇಲ್ಲಿ ಬರೆಯಲಾರೆ. ಕರೆಯಬೇಕಾದ ದಿನ ಅದನ್ನು ಚೀಟಿಯ ಮೇಲೆ ಬರೆದು ಇಟ್ಟುಕೊಂಡವಳು ನಾನು, ಮತ್ತೆ ಬರೆಯುವ ಮುಖ ನನಗಿಲ್ಲ. ಅವತ್ತು ಕರೆದೆ. ಅರಚಲಿಲ್ಲ, ಮನೆಯಲ್ಲಿ ಮಾತಾಡಿದ ಹಾಗೆ ಎರಡು ಸಲ ಕರೆದೆ. ಆಮೇಲೆ ಜಾಗ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ಗುಂಡಿ ಒತ್ತಿಕೊಂಡೇ ಕೂತಿದ್ದೆ.

ಯಂತ್ರಗಳು ಓಡುತ್ತಲೇ ಇದ್ದವು. ಕಿಟಕಿಯಾಚೆ, ಇನ್ನೂರು ಹೆಜ್ಜೆ ದೂರದಲ್ಲಿ, ಹತ್ತಿಕಾಳಿನ ಗೋದಾಮಿನ ಮುದುಕಿ ಕಸಬರಿಗೆ ನಿಲ್ಲಿಸಿ ತಲೆ ಎತ್ತಿದಳು. ಭೋಂಗಾದಲ್ಲಿ ಯಾವತ್ತೂ ದೋಷ ಇರಲಿಲ್ಲ.