ಸೈಕಲ್ಲಿಗೆ ಬಂದಾದ ಗುಡ್ಡದ ದಾರಿ

ಗುಡ್ಡದ ಮೇಲಿನ ಉದ್ಯಾನದಲ್ಲಿ ದಿನಗೂಲಿ ಮಾಡುವ ಅಕ್ಕುತಾಯಿಗೆ ಐವತ್ತೇಳು ವರ್ಷ, ಅವಳ ಸೈಕಲ್ಲಿಗೆ ಮೂವತ್ತೊಂದು. ಎರಡರಲ್ಲಿ ಮೊದಲು ಯಾವುದು ಕುಸಿಯುತ್ತದೋ ಎಂಬ ದಿಗಿಲು ಸೊಸೆ ಉಜ್ವಲಾಳಿಗೆ ಮದುವೆಯಾಗಿ ಬಂದ ವಾರದಿಂದಲೇ ಹತ್ತಿಕೊಂಡಿತ್ತು. ಬೆಳಗಾವಿಯಲ್ಲಿ ಓದಿ ಬೆಳೆದವಳು ಅವಳು. ಮಗಳು ಆರೋಹಿ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮಗು ಸೀನಿದರೆ ನ್ಯುಮೋನಿಯಾ, ಗಂಡ ಸಂಗ್ರಾಮ ಫೋನ್ ಎತ್ತದಿದ್ದರೆ ಅಪಘಾತ, ಅತ್ತೆ ಬರುವುದು ಹತ್ತು ನಿಮಿಷ ತಡವಾದರೆ ಕಣ್ಣ ಮುಂದೆ ಘಾಟಿನ ಕಂದಕ.

ಅತ್ತೆ ಸೈಕಲ್ ಕಲಿತದ್ದು ಹದಿನಾರನೆಯ ವಯಸ್ಸಿಗೆ, ಕೂಲಿಗೆ ಹೋಗುತ್ತಿದ್ದ ನಿಪ್ಪಾಣಿಯ ತಂಬಾಕಿನ ವಖಾರಿನಲ್ಲಿ. ಗುಮಾಸ್ತ ಬುತ್ತಿ ಬಿಚ್ಚಿ ಉಂಡು ಕೈ ತೊಳೆಯುವಷ್ಟರಲ್ಲಿ ಅವನ ಸೈಕಲ್ ಇವಳ ಕೆಳಗೆ ಅಂಗಳದಲ್ಲಿ ನಾಲ್ಕು ಸುತ್ತು ಬಂದಿರುತ್ತಿತ್ತು. ಮುಂದೆ ಸ್ವಂತದ್ದನ್ನು ಕೊಂಡು, ಲುಗಡೆ ಸೀರೆಯ ಕಚ್ಚೆ ಬಿಗಿದು ಗಂಡಸರ ಸೈಕಲ್ ಏರಿದಾಗ ಊರು ಕಟ್ಟೆಯ ಮೇಲೆ ಕೂತು ನಕ್ಕಿತು. “ನಗ್ರಿ, ನಗ್ರಿ. ಹಲ್ಲು ನಿಮ್ಮವು, ಕಾಲು ನನ್ನವು,” ಎಂದು ಅಕ್ಕುತಾಯಿ ಗಂಟೆ ಬಾರಿಸಿಕೊಂಡು ಹೋದಳು.

ತಪ್ಪಲಿನ ಊರಿನಿಂದ ಉದ್ಯಾನಕ್ಕೆ ಒಂಬತ್ತು ಕಿಲೋಮೀಟರ್. ಎರಡೂ ಬದಿಗೆ ಕವಳಿ ಹಣ್ಣಿನ ಕಂಟಿ, ಕರಿಬಂಡೆ, ನವಿಲು. ಅರ್ಧ ತಾಸಿಗೊಂದು ಮೋಟರ್ ಸೈಕಲ್ ಸಿಕ್ಕರೆ ಹೆಚ್ಚು. ಭಾನುವಾರ ನಿಪ್ಪಾಣಿ, ಕೊಲ್ಹಾಪುರದ ಕಡೆಯಿಂದ ಹೆಲ್ಮೆಟ್ಟಿನ ಸವಾರರು ತೆಳು ಟೈರಿನ ಸೈಕಲ್ ತಂದು ಈ ನಿಶ್ಶಬ್ದಕ್ಕೆಂದೇ ಅಲೆಯುತ್ತಿದ್ದರು. ಯಾವ ದಾರಿ ಚೆಂದ ಎಂದು ಕೇಳುವುದು ಅಕ್ಕುತಾಯಿಯನ್ನೇ. “ಹೋಗಾಕ ಕೆರಿ ದಾರಿ ಹಿಡೀರಿ, ಮುಂಜಾನಿ ಎದುರುಗಾಳಿ ಇರಂಗಿಲ್ಲ. ಬರೂದು ಬಾರಿಗಿಡದ ಕಡೆಯಿಂದ ಬರ್ರಿ, ಬರೇ ಇಳಕಲ. ಬ್ರೇಕ್ ಅಷ್ಟ ಇರಲಿ!”

ಈ ವರ್ಷ ಹೆದ್ದಾರಿಯ ಸೇತುವೆ ದುರಸ್ತಿಗೆ ಬಿತ್ತು. ಕಬ್ಬಿನ ಹಂಗಾಮಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಗುಡ್ಡಕ್ಕೇ ನುಗ್ಗಿದವು. ಎರಡು ಟ್ರ್ಯಾಲಿ ಕಟ್ಟಿಕೊಂಡು ಏರು ಹತ್ತಲು ಹೋದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಹಾಗಾಗಿ ಡ್ರೈವರುಗಳು ಹಿಂದಿನ ಟ್ರ್ಯಾಲಿಯನ್ನು ಏರಿನಲ್ಲೇ ಬಿಚ್ಚಿ, ಅದು ಜಾರದಂತೆ ಗಾಲಿಗೆ ಕಲ್ಲು ಕೊಟ್ಟು, ಮೊದಲನೆಯದನ್ನು ಮೇಲೆ ಮುಟ್ಟಿಸಿ ಬರುತ್ತಾರೆ. ಆಮೇಲೆ ಇದನ್ನೂ ಎಳೆದುಕೊಂಡು ಹೋಗುತ್ತಾರೆ. ಕಲ್ಲು ಮಾತ್ರ ಅಲ್ಲೇ, ನಡುರಸ್ತೆಯಲ್ಲೇ.

ಅಂಥದೊಂದು ಕಲ್ಲಿಗೆ ಬಡಿದು, ಸಂಜೆ ಇಳಿಜಾರಿನಲ್ಲಿ ಬರುತ್ತಿದ್ದ ಅಕ್ಕುತಾಯಿ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು.

ಆ ರಾತ್ರಿಯೇ ಉಜ್ವಲಾ ಪಂಚಾಯತಿಗೆ ಅರ್ಜಿ ಬರೆದಳು. ಅವಳ ಅಕ್ಷರ ಮುತ್ತಿನಂಥದು. ‘ಗುಡ್ಡದ ರಸ್ತೆ ಸೈಕಲ್ ಸವಾರರಿಗೆ ಅತ್ಯಂತ ಅಪಾಯಕಾರಿಯಾಗಿದ್ದು, ತಕ್ಷಣ ಕ್ರಮ ಕೈಗೊಳ್ಳಬೇಕು.’ ಕ್ರಮ ಹತ್ತೇ ದಿನದಲ್ಲಿ ಬಂತು. ಗುಡ್ಡದ ಬುಡದಲ್ಲಿ ಹಳದಿ ಬೋರ್ಡು: ‘ಕಬ್ಬಿನ ಹಂಗಾಮು ಮುಗಿಯುವವರೆಗೆ ಸೈಕಲ್ ಪ್ರವೇಶ ನಿಷೇಧ.’

ಅಕ್ಕುತಾಯಿ ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು ಸೊಸೆಯನ್ನು ನೋಡಿದಳು.

“ಏನ್ ಬರದು ಕೊಟ್ಟಿ, ಹುಡುಗಿ?”

“ನಿಮ್ಮ ಸಲುವಾಗಿನ ಬರದೆ ಅತ್ಯಾ. ಅಂಜಿಕಿ ಬಂದಿತ್ತು.”

“ನಿನಗ ಅಂಜಿಕಿ ಬಂದ್ರ ನನ್ನ ದಾರಿ ಯಾಕ ಬಂದ್ ಆಗಬೇಕು? ಮುಂಜಾನಿ ಎಂಟಕ್ಕ ಹಾಜರಿ ಹಾಕಬೇಕು. ಸುತ್ತ ಹಾದು ಬರೂ ಬಸ್ಸು ಹನ್ನೊಂದಕ್ಕ ಮುಟ್ಟಸ್ತೈತಿ.”

ಪ್ಲಾಸ್ಟರ್ ಬಿಚ್ಚಿದ ಮೇಲಿನ ಸೋಮವಾರ ಕೆಲಸಕ್ಕೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಉದ್ಯಾನದವರು ಹೇಳಿ ಕಳಿಸಿದ್ದರು. ಉಜ್ವಲಾ ಪಂಚಾಯತಿಗೆ ಓಡಿದಳು. ಹಿಂದಿನ ಅರ್ಜಿ ವಾಪಸ್ ಪಡೆಯುತ್ತೇನೆಂದು ಇನ್ನೊಂದು ಅರ್ಜಿ ಕೊಟ್ಟಳು. ‘ಮುಂದಿನ ತಿಂಗಳ ಸಭೆಯಲ್ಲಿ ನೋಡೋಣ’ ಎಂದರು.

ಅಕ್ಕುತಾಯಿ ತಿಂಗಳ ಮಾತಿಗೆ ಕಾಯುವವಳಲ್ಲ. ಪ್ಲಾಸ್ಟರ್ ಬಿಚ್ಚಿದ ಮರುದಿನ, ಶನಿವಾರ, ಸೈಕಲ್ಲನ್ನು ಸೊಸೆಯ ಕೈಯಲ್ಲಿ ನೂಕಿಸಿಕೊಂಡು ಏರಿನವರೆಗೆ ನಡೆದಳು. ರಸ್ತೆಯಲ್ಲಿ ಬಿದ್ದಿದ್ದ ಕಲ್ಲುಗಳನ್ನೆಲ್ಲ ಆರಿಸಿ, ಗೋಣಿಚೀಲಕ್ಕೆ ತುಂಬಿ, ಕ್ಯಾರಿಯರಿಗೆ ಬಿಗಿಸಿದಳು. ಅಲ್ಲಿಂದ ನೇರ ಮುರಗೆಪ್ಪನ ಮನೆ. ಆರು ಟ್ರ್ಯಾಕ್ಟರಿನ ಒಡೆಯ ಅವನು, ಪಂಚಾಯತಿ ಸದಸ್ಯನೂ ಹೌದು. ಚಹಾ ಕುಡಿಯುತ್ತ ಕೂತಿದ್ದವನ ಮುಂದೆ ಚೀಲ ಬೋರಲಾಯಿತು.

“ಸಾವಕಾರ್ರ, ನಿಮ್ಮ ಸಾಮಾನು ರಸ್ತಾದಾಗ ಬಿಟ್ಟಿದ್ರಿ.”

ಮುರಗೆಪ್ಪ ನಕ್ಕ. “ಗುಡ್ಡದಾಗ ಕಲ್ಲಿರೂದು ಹೊಸಾದೇನ, ಮಾವಶಿ?”

“ಇವಕ್ಕ ನಿಮ್ಮ ಟೈರಿನ ಗುರ್ತು ಅದಾವ. ನೋಡ್ರಿ, ಚಶ್ಮಾ ಹಾಕ್ಕೊಂಡು ನೋಡ್ರಿ.”

“ಕೈ ಮುರದ್ರೂ ಸೊಕ್ಕು ಮುರೀಲಿಲ್ಲ ನಿಂದು.”

“ಅದಕ್ಕ ಪ್ಲಾಸ್ಟರ್ ಹಾಕೂ ಡಾಕ್ಟರ್ ಸಿಗಲಿಲ್ರಿ. ಒಂದು ಕಟ್ಟಿಗಿ ತುಂಡಿಗೆ ಸರಪಳಿ ಹಾಕಿ ಟ್ರ್ಯಾಲಿಗೆ ಕಟ್ರಿ. ಗಾಲಿಗಿ ಕೊಟ್ರ ನಿಂದರತೈತಿ, ಟ್ರ್ಯಾಲಿ ಹೊಂಟ್ರ ಹಿಂದ ತಾನ ಬರತೈತಿ. ನಿಮ್ಮ ಡ್ರೈವರ್ ಬಗ್ಗೂದೂ ಬ್ಯಾಡ.”

“ನನಗ ಯಾಕ ಹೇಳ್ತಿ? ಸೈಕಲ್ ಬಂದ್ ಮಾಡ್ರಿ ಅಂತ ಬರದಾಕಿ ನಿನ್ನ ಸೊಸಿನ ಅಲ್ಲೇನ?”

ಅಲ್ಲಿಯವರೆಗೆ ಸೈಕಲ್ಲಿನ ಮರೆಗೆ ನಿಂತಿದ್ದ ಉಜ್ವಲಾ ಮುಂದೆ ಬಂದಳು. ಇಷ್ಟು ವರ್ಷದಲ್ಲಿ ಆ ಅಂಗಳದಲ್ಲಿ ಅವಳು ದನಿ ಎತ್ತಿದ್ದಿಲ್ಲ.

“ನಾ ಅಪಾಯ ತಗೀರಿ ಅಂತ ಬರದೀನ್ರಿ. ನೀವು ಬಿದ್ದಾಕಿನ್ನ ತಗದ್ರಿ.”

ಮುರಗೆಪ್ಪ ಚಹಾದ ಬಟ್ಟಲು ಕೆಳಗಿಟ್ಟ. ಅತ್ತೆ, ಸೊಸೆ ಖಾಲಿ ಚೀಲ ಮಡಚಿಕೊಂಡು ಬಂದರು. ಬೋರ್ಡು ಭಾನುವಾರವೂ ಅಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಆರೂವರೆಗೆ ಅಕ್ಕುತಾಯಿ ಕಚ್ಚೆ ಬಿಗಿದಳು. ಉಜ್ವಲಾ ನಿದ್ದೆಗಣ್ಣಿನ ಆರೋಹಿಯನ್ನು ಗಂಡನ ತೋಳಿಗೆ ಹಾಕಿ, ಹಾಲು ಎಷ್ಟು ಬೆಚ್ಚಗಿರಬೇಕು, ಟೋಪಿ ಎಲ್ಲಿದೆ, ಕೆಮ್ಮಿದರೆ ಯಾವ ಔಷಧ ಎಂದು ಮೂರು ಸಲ ಹೇಳಿ, ಗಂಡನ ಕಾಲೇಜು ದಿನಗಳ ಸೈಕಲ್ಲನ್ನು ಹೊರಗೆ ತಂದಳು. ಅವಳು ಸೈಕಲ್ ತುಳಿದು ಹನ್ನೆರಡು ವರ್ಷವಾಗಿತ್ತು.

“ನೀ ಎಲ್ಲಿಗಿ?” ಎಂದಳು ಅಕ್ಕುತಾಯಿ.

“ನಿಮ್ಮ ಕೈ ಇನ್ನೂ ಹಸೀದೈತಿ. ಒಬ್ಬರನ್ನ ಬಿಡಂಗಿಲ್ಲ.”

“ನೀ ಬಿದ್ದರ ಯಾರು ಎತ್ತವರು?”

“ನೀವು. ಒಂದು ಕೈಲೆ.”

ಬೋರ್ಡಿನ ಕೆಳಗೆ ಪಂಚಾಯತಿಯ ಹಾಲೇಶ ವಹಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದ. ನಿಷೇಧ ಮೀರಿದವರ ಹೆಸರು ಬರೆದುಕೊಳ್ಳುವುದು ಅವನ ಕೆಲಸ. ಇವರನ್ನು ಕಂಡು ಎದ್ದು ನಿಂತ.

“ಅಕ್ಕಾ, ತಿರುಗಿ ಹೋಗ್ರಿ. ಇಲ್ಲಂದ್ರ ನಾ ಹೆಸರು ಬರೀಬೇಕಾಗ್ತೈತಿ.”

“ಬರಿ,” ಎಂದಳು ಅಕ್ಕುತಾಯಿ, ಪೆಡಲಿನಿಂದ ಕಾಲು ತೆಗೆಯದೆ. “ಪೂರಾ ಹೆಸರು ಬರಿ. ಅಕ್ಕುತಾಯಿ ದಾದಾಸಾಹೇಬ ಕಾಂಬಳೆ. ನಾಳಿಗೂ ಬರತೀನಿ, ಹಾಳಿ ಸಾಲದಿದ್ರ ಹೊಸಾ ವಹಿ ತರಿಸ್ಕೋ.”

ಅವನು ತಲೆ ಕೆರೆದುಕೊಂಡು ಬರೆದ. ದಂಡ, ನೋಟಿಸು, ಸಂಗ್ರಾಮನ ನೌಕರಿಗೆ ಏನಾದೀತೋ, ಮಗುವಿಗೆ ಸಂಗ್ರಾಮ ಟೋಪಿ ಹಾಕಿದನೋ ಇಲ್ಲವೋ. ಎಲ್ಲ ಒಟ್ಟಿಗೇ ಉಜ್ವಲಾಳ ತಲೆಗೆ ನುಗ್ಗಿ ಬಂತು. ಬರೆದಾದ ಮೇಲೂ ಅವಳು ಹೋಗಲಿಲ್ಲ. ವಹಿಯ ಮೇಲೆ ಬಗ್ಗಿದಳು.

“ನನ್ನ ಹೆಸರು ಬಿಟ್ಟೀರಿ ಅಣ್ಣಾ. ಪೆನ್ ಕೊಡ್ರಿ ಇಲ್ಲಿ.”

ಅತ್ತೆಯ ಹೆಸರಿನ ಕೆಳಗೆ ತನ್ನದನ್ನು ಮುತ್ತಿನ ಅಕ್ಷರದಲ್ಲಿ ತಾನೇ ಬರೆದು, ಸಮಯವನ್ನೂ ಹಾಕಿ, ಸೈಕಲ್ ಹತ್ತಿದಳು. ಹ್ಯಾಂಡಲ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಯ್ದಾಡಿತು. ಮುಂದೆ ಏರಿನಲ್ಲಿ ಅಕ್ಕುತಾಯಿ ತಿರುಗಿಯೂ ನೋಡದೆ ಕೂಗಿದಳು:

“ಲಗೂ ತುಳಿ! ಎಂಟಕ್ಕ ಹಾಜರಿ!”