ಕುರಿಕಾಕಾನ ಕೂಗು

ಕುರಿಕಾಕಾ ಕೈ ಎತ್ತಿದರೆ ಅವರ ಅಂಗಿಯ ಕಂಕುಳಲ್ಲಿ ಅಂಗೈ ಅಗಲದ ತೂತು ಕಾಣುತ್ತಿತ್ತು. ಆ ತೂತು ಕಂಡ ಕೂಡಲೇ ಹದಿನಾಲ್ಕು ಗಾಲಿಯ ಲಾರಿ ನಿಲ್ಲುತ್ತಿತ್ತು. ನಾನು ಇಸ್ತ್ರಿ ಅಂಗಿ ತೊಟ್ಟು ಎರಡೂ ಕೈ ಎತ್ತಿದರೂ ಒಂದು ಸೈಕಲ್ಲೂ ನಿಲ್ಲುತ್ತಿರಲಿಲ್ಲ.

ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾದ ಚೌಕದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಆದರೆ ರಿಪೇರಿಗಿಂತ ನಕಲು ಮಾಡುವುದರಲ್ಲೇ ನನ್ನ ಹೆಸರು. ನಿಲಂಗಾ ಬಸ್ಸಿನ ಕಂಡಕ್ಟರನ ಮರಾಠಿ, ಎದುರಿನ ಕಿರಾಣಿ ಸೇಠನ ಸೀನು, ಮೂಗಿನಿಂದ ಹೊರಡುವ ನನ್ನದೇ ದನಿ, ಎಲ್ಲ ಮಾಡಿ ತೋರಿಸುತ್ತಿದ್ದೆ. ಜನ ನಗುತ್ತಿದ್ದರು, ಅಷ್ಟೇ. ಕಾಕಾನ ಮಾತನ್ನು ಕೇಳುತ್ತಿದ್ದರು. ಅದೇ ನನ್ನ ಹೊಟ್ಟೆಯೊಳಗಿನ ಉರಿ.

ಕಾಕಾ ಬೀರಪ್ಪನ ಒಕ್ಕಲು, ಹುಟ್ಟಾ ಕುರಿ ಕಾಯ್ದವರು. ಊರು ಬೆಳೆದು, ಸುತ್ತಲ ಹೊಲಗಳೆಲ್ಲ ಪ್ಲಾಟ್ ಆಗಿ ಮೇವಿಗೆ ಜಾಗ ಉಳಿಯದಾಗ ಕುರಿ ಮಾರಿದರು. ಮರುದಿನವೇ ಹೆಗಲಿಗೆ ಕಂಬಳಿ ಹಾಕಿಕೊಂಡು ಚೌಕದ ನಡುವೆ ಬಂದು ನಿಂತರು. ಯಾರೂ ಕರೆದಿರಲಿಲ್ಲ. "ಹುರ್ರ್ರ್... ಚೋ ಚೋ" ಎಂದು ಕುರಿಗೆ ಕೂಗುತ್ತಿದ್ದ ಕೂಗನ್ನೇ ಕೂಗಿದರು. ದಾಳಿಂಬ ಊರ ಕಡೆಯ ಟ್ರ್ಯಾಕ್ಟರುಗಳು, ಹತ್ತು ಮಂದಿ ತುಂಬಿದ ಆಟೋಗಳು ಸಾಲು ಹಿಡಿದು ಸರಿದವು.

ಆ ಕೂಗನ್ನು ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ. ಒಮ್ಮೆ ಅವರ ಪಕ್ಕದಲ್ಲೇ ನಿಂತು ಕೂಗಿದೆ. ಆಟೋದವರು ಹಲ್ಲು ಕಿಸಿದು ನನ್ನ ಕಾಲಿನ ಮೇಲೆಯೇ ಹಾಯಿಸಲು ಬಂದರು.

"ಮಂಗ್ಯಾ, ದನಿ ಬರೋಬರ್ ಅದ," ಎಂದರು ಕಾಕಾ. "ಖರೇ ನೀ ನಿನ್ನ ಸಲುವಾಗಿ ಒದರ್ತಿ. ನಾ ಅವುಗಳ ಸಲುವಾಗಿ ಒದರ್ತೀನಿ."

ಒಂದು ಸಲ ರಸ್ತೆ ಅಗಲ ಮಾಡಲು ನಿಧಿ ಕೊಡುವ ಮುಂಚೆ ಚೌಕದ ಇಕ್ಕಟ್ಟನ್ನು ಕಣ್ಣಾರೆ ನೋಡಲು ಇಂಜಿನಿಯರ್ ಸಾಹೇಬರು ಬರುವುದಾಯಿತು. ಕಾಕಾ ನಿಂತರೆ ಇಕ್ಕಟ್ಟು ಎಲ್ಲಿ ಕಾಣಬೇಕು? ಅಂದು ಅವರು ಮನೆಯಲ್ಲೇ ಇರಲಿ ಎಂದು ಅಂಗಡಿಯವರೆಲ್ಲ ಸೇರಿ ನನ್ನನ್ನೇ ಕಳಿಸಿದರು. ಕಾಕಾ ಹೆಗಲ ಕಂಬಳಿ ತೆಗೆದು ಮಡಚಿಟ್ಟರು. ರಸ್ತಾ ಅಗಲ ಆಗುವುದಾದರೆ ಮನೆಯಲ್ಲೇ ಕೂಡ್ರುತ್ತೇನೆ ಎಂದರು.

ಮರುದಿನ ಹನ್ನೊಂದಕ್ಕೆಲ್ಲ ಚೌಕ ಸೊಗಸಾಗಿ ಸಿಕ್ಕಿಬಿದ್ದಿತ್ತು. ಕಬ್ಬಿನ ಟ್ರ್ಯಾಕ್ಟರಿಗೆ ಬಸ್ಸು ಮೂತಿ ತಗುಲಿಸಿಕೊಂಡು ನಿಂತಿತ್ತು. ಸೇಠ ತನ್ನ ಮನೆಯ ಮದುವೆಯೇನೋ ಎಂಬಂತೆ ಕೈ ಉಜ್ಜುತ್ತಿದ್ದ. ಆಗ ಒಬ್ಬ ಆಟೋದವನು ನನ್ನ ಅಂಗಡಿಯತ್ತ ಕತ್ತು ಹೊರಳಿಸಿ, "ಕಾಕಾನ ನಕಲು ಮಾಡೋರು ಭಾಳ ಮಂದಿ ಅದಾರ. ಕೆಲಸಾ ಮಾಡೋರು ಯಾರೂ ಇಲ್ಲ ನೋಡು" ಎಂದ.

ನನಗೆ ಸಾಹೇಬರೂ ಮರೆತುಹೋದರು, ನಿಧಿಯೂ ಮರೆತುಹೋಯಿತು. ಅರ್ಧ ಇಳಿಸಿದ ಶಟರಿನ ಹಿಂದೆ ನಿಂತು, ಕಣ್ಣು ಮುಚ್ಚಿ ಕೂಗಿದೆ. ನನ್ನ ಮುಖ ಯಾರಿಗೂ ಕಾಣಲಿಲ್ಲ, ದನಿಯಷ್ಟೇ ಕೇಳಿತು. ಮೊದಲು ಬಸ್ಸು ಹಿಂದೆ ಸರಿಯಿತು, ಆಮೇಲೆ ಟ್ರ್ಯಾಕ್ಟರು. ನಾನು ಕೂಗುತ್ತಲೇ ಹೋದೆ. ಕಣ್ಣು ಬಿಟ್ಟಾಗ ಚೌಕ ಖಾಲಿ. ಸಾಹೇಬರ ಜೀಪು ಬ್ರೇಕನ್ನೂ ಹಾಕದೆ ದಾಟಿ ಹೋಯಿತು. ಆ ವರ್ಷದ ನಿಧಿ ಉದಗೀರ ಕಡೆ ಹೋಯಿತೆಂದು ಆಮೇಲೆ ಕೇಳಿದೆವು.

ಸಂಜೆ ಎಲ್ಲರೂ ಕಾಕಾನ ಮನೆಗೆ ಜಗಳಕ್ಕೆ ಹೋದರು. ನಾನು ಕಟ್ಟಕಡೆಯವನಾಗಿ ನಿಂತಿದ್ದೆ. ಕಾಕಾ ನನ್ನನ್ನು ಒಮ್ಮೆ ನೋಡಿ, "ಹೌದ್ರೀ, ನಾನೇ ಒದರೀನಿ. ಮನಸ್ಸು ತಡೀಲಿಲ್ಲ" ಎಂದರು. ಬೈಗುಳವೆಲ್ಲ ಅವರೇ ತಿಂದರು. ಎಲ್ಲರ ದನಿ ತೆಗೆಯುವವನಿಗೆ ಅಂದು ತನ್ನ ದನಿಯೇ ಹೊರಡಲಿಲ್ಲ.

ಎಲ್ಲರೂ ಹೋದಮೇಲೆ ಕಾಕಾ ಮೆಲ್ಲಗೆ ಹೇಳಿದರು: "ನಿನ್ನ ಕೂಗು ಮನೀತನಕ ಕೇಳ್ತು ನೋಡು. ಕುರಿ ಹಂಗ ನಾನೇ ಎದ್ದು ನಿಂತಿದ್ದೆ."

ನನ್ನ ಜೀವಮಾನದ ದೊಡ್ಡ ಶಭಾಸು ಅದು, ಆದರೆ ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ. ನನ್ನ ಒಳ್ಳೆಯ ನಕಲಿನ ಹೆಸರೂ ಅವರಿಗೇ ಹೋಯಿತಲ್ಲ ಎಂದು ಆಗಲೂ ಉರಿದುಕೊಂಡೆ. ಸೇಠ ವರ್ಷಪೂರ್ತಿ ಅವರನ್ನು ಚಹಾಕ್ಕೆ ಕರೆಯಲಿಲ್ಲ. ನಿಜ ಹೇಳಲು ನನಗೆ ದಿನವೂ ಅವಕಾಶವಿತ್ತು.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ರಸ್ತೆ ಇನ್ನೂ ಅಷ್ಟೇ ಇದೆ, ಗಾಡಿಗಳು ಎರಡು ಪಟ್ಟಾಗಿವೆ. ಈಗ ಬೆಳಿಗ್ಗೆ ಎರಡು ತಾಸು ಚೌಕದಲ್ಲಿ ನಾನು ನಿಲ್ಲುತ್ತೇನೆ. ಕೂಗಿದರೆ ಲಾರಿ ನಿಲ್ಲುತ್ತದೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಾನೆ. ನನ್ನನ್ನಲ್ಲ, ನನ್ನ ಹಿಂದೆ ಇನ್ನಾರನ್ನೋ.